ಎಲ್ಲ ಮುಗಿದ ಮೇಲೆ ಮೂಗು

ಸಿಸ್ಟರಮ್ಮನ ಮೂಗನ್ನು ನಾನು ಬೇಕೆಂದು ಹಿಡಿದವಳಲ್ಲ. ಆಗಲೂ ಇದನ್ನೇ ಹೇಳಿದೆ, ಈಗಲೂ ಇದನ್ನೇ ಹೇಳುತ್ತೇನೆ. ಕೈ ತಾನಾಗಿಯೇ ಹೋಯಿತು. ಹಲಸೂರಿನಲ್ಲಿ ಯಾರಿಗೆ ಹೇಳಿದ್ದರೂ ಇದು ಅರ್ಥವಾಗುತ್ತಿತ್ತು. ಆಸ್ಪತ್ರೆಯಲ್ಲಿ ಮಾತ್ರ ಒಬ್ಬರಿಗೂ ಅರ್ಥವಾಗಲಿಲ್ಲ.

ಯುದ್ಧ ನಡೆಯುತ್ತಿದ್ದ ವರ್ಷಗಳವು. ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಮಸಾಜು ಬಲ್ಲ ನರ್ಸುಗಳನ್ನೆಲ್ಲ ಸೋಲ್ಜರುಗಳ ವಾರ್ಡಿಗೆ ಕಳಿಸಿಬಿಟ್ಟಿದ್ದರು. ಹೆಂಗಸರ ವಾರ್ಡಿನಲ್ಲಿ ಪ್ಲಾಸ್ಟರು ಬಿಚ್ಚಿದ ಕೈಗಳು, ಮಡಚದ ಮೊಣಕಾಲುಗಳು, ಮೇಲೇಳದ ಭುಜಗಳು ಸಾಲಾಗಿ ಕಾಯುತ್ತಿದ್ದವು. ಸುತ್ತಮುತ್ತಲಿನ ಹೆಂಗಸರಿಗೇ ಮೂರು ತಿಂಗಳು ಕಲಿಸಿ ಕೆಲಸಕ್ಕೆ ಇಟ್ಟುಕೊಳ್ಳುವುದು ಎಂದಾಯಿತು. ಆರು ಜನ ಹೋದೆವು. ಮೊದಲ ದಿನ ನಮಗೆ ಕಲಿಸಬೇಕಿದ್ದ ದೊಡ್ಡ ನರ್ಸು ಸಿಸ್ಟರಮ್ಮ ಒಬ್ಬೊಬ್ಬರ ಅಂಗೈಯನ್ನೂ ಮಗುಚಿ ನೋಡಿದರು. ನನ್ನದನ್ನು ಒತ್ತಿ ನೋಡಿ, "ನೀನು ಏನು ಕೆಲಸ ಮಾಡೋದು?" ಎಂದರು. "ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೀತೀನಿ ಸಿಸ್ಟರಮ್ಮ" ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಆ ಸಂತೋಷ ಮೂರು ವಾರ ಇತ್ತು.

ಸಿಸ್ಟರಮ್ಮ ಇಂಗ್ಲೆಂಡಿನವರು. ದಂಡಿಗೆ ಬಂದು ಹತ್ತು ವರ್ಷವಾಗಿತ್ತು. ಉದ್ದಕ್ಕೆ, ತೆಳ್ಳಗೆ, ಇಸ್ತ್ರಿ ಮಾಡಿದ ಹಾಗೆ ಇದ್ದರು. ಭಾಷೆಯನ್ನು ತಮಿಳಿನ ಅಡುಗೆಯವನಿಂದ, ಕನ್ನಡದ ತರಕಾರಿಯವಳಿಂದ, ಹಿಂದೂಸ್ತಾನಿಯ ಜಟಕಾದವನಿಂದ ಕಲಿತಿದ್ದರಿಂದ ಅವರ ಒಂದೊಂದು ವಾಕ್ಯದಲ್ಲಿ ಮೂವರೂ ಇರುತ್ತಿದ್ದರು.

ನನ್ನ ಕೈಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಅತ್ತೆಯವರು ಹಲಸೂರಿನಲ್ಲಿ ಹೆಸರಾದವರು. ಕೆರೆಯ ನಮ್ಮ ಕಡೆಯ ದಡದಲ್ಲಿ ಹುಟ್ಟಿದ ಮಕ್ಕಳಲ್ಲಿ ಅವರ ಕಾಲ ಮೇಲೆ ಮಲಗದವರು ಕಡಿಮೆ. ಮದುವೆಯಾಗಿ ಬಂದ ನಾನು ಮೊದಲು ಅವರ ಹಿಂದೆ ಬಿಸಿನೀರಿನ ಚೊಂಬು ಹಿಡಿದು ತಿರುಗಿದೆ, ಆಮೇಲೆ ಎಣ್ಣೆ ಬಟ್ಟಲು ಹಿಡಿದೆ, ಕೊನೆಗೆ ನಾನೇ ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂತೆ. ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಕಾಲು, ತೋಳು, ಎದೆ, ಬೆನ್ನು ಎಂದು ಕ್ರಮವಾಗಿ ಹರಳೆಣ್ಣೆ ಹಚ್ಚಿ ನೀವಬೇಕು, ಬಿಸಿನೀರು ಹುಯ್ಯಬೇಕು. ಎಲ್ಲ ಮುಗಿದ ಮೇಲೆ ಮೂಗು. ಮೂಗಿನ ಬುಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತುದಿಯವರೆಗೆ ಮೂರು ಸಲ ತೀಡಬೇಕು, ನೆಟ್ಟಗೆ ನಿಲ್ಲಲಿ ಎಂದು. ಆಮೇಲೆ ಕೂಸಿನ ಕೆನ್ನೆ ಸವರಿ, ಬೆರಳುಗಳನ್ನು ನಮ್ಮ ಹಣೆಯ ಪಕ್ಕಕ್ಕೆ ಒತ್ತಿ ನೆಟಿಕೆ ಮುರಿದು ದೃಷ್ಟಿ ತೆಗೆಯಬೇಕು. ಅಷ್ಟಾದರೆ ನೀರೆರೆದದ್ದು ಮುಗಿಯಿತು. ಅಷ್ಟಾಗದಿದ್ದರೆ ಎಷ್ಟು ನೀರು ಸುರಿದಿದ್ದರೂ ಮುಗಿದಿಲ್ಲ.

ಮೂಗಿನ ವಿಷಯದಲ್ಲಿ ಅತ್ತೆಯವರದು ಕಟ್ಟುನಿಟ್ಟು. ನನ್ನ ಮೂಗು ಸ್ವಲ್ಪ ಚಪ್ಪಟೆ. ಮದುವೆಯ ವಾರದಲ್ಲೇ ಅವರು ಅದನ್ನು ಹತ್ತಿರದಿಂದ ನೋಡಿ, "ನಿಮ್ಮ ಕೃಷ್ಣರಾಜಪುರದಲ್ಲಿ ಕೂಸುಗಳ ಮೂಗು ತೀಡೋರೇ ಇರ್ಲಿಲ್ವೇನೇ? ನಿಮ್ಮಮ್ಮ ಅಷ್ಟು ಮಾಡಿದ್ರೆ ಆಗ್ತಿತ್ತು" ಎಂದಿದ್ದರು. ಆಮೇಲೆ ಹಬ್ಬಕ್ಕೊಮ್ಮೆಯಾದರೂ ಅದೇ ಮಾತು. ನನಗೆ ರೇಗುತ್ತಿತ್ತು, ಆದರೆ ಅವರ ಕೈಯಿಂದ ಎದ್ದ ಮೂಗುಗಳು ಹಲಸೂರಿನ ತುಂಬ ಓಡಾಡುತ್ತಿದ್ದವು, ಏನು ಹೇಳಲಿ.

ಆಸ್ಪತ್ರೆಯಲ್ಲಿ ಮೊದಲ ಜಗಳ ಬಳೆಗೆ. ರೋಗಿಯ ಮೈಗೆ ಗೀರುತ್ತದೆ, ತೆಗೆಯಿರಿ ಎಂದರು ಸಿಸ್ಟರಮ್ಮ. ಮುತ್ತೈದೆಯರು ಬಳೆ ತೆಗೆಯುವುದು ಹೇಗೆ? ಆರು ಜನರೂ ಕೈ ಕಟ್ಟಿ ನಿಂತೆವು. ಒಂದು ಬೆಳಗಿನ ಪಾಠ ಪೂರ್ತಿ ಅದರಲ್ಲೇ ಹೋಯಿತು. ಕೊನೆಗೆ ಸಿಸ್ಟರಮ್ಮನೇ ದಾರಿ ಹುಡುಕಿದರು. ಬಳೆಗಳನ್ನು ಮೊಣಕೈಯ ಹತ್ತಿರಕ್ಕೆ ಏರಿಸಿ, ಮೇಲೆ ಹತ್ತಿ ಇಟ್ಟು, ಬ್ಯಾಂಡೇಜು ಸುತ್ತಿದರು. ಬಳೆಯೂ ಉಳಿಯಿತು, ಸದ್ದೂ ಅಡಗಿತು. ನಾವು ಆರು ಜನ ಮಾತ್ರ ಎರಡೂ ಕೈ ಮುರಿದವರಂತೆ ಕಾಣುತ್ತಿದ್ದೆವು. ರೋಗಿಗಳನ್ನು ನೋಡಲು ಬಂದವರು ನಮ್ಮ ಕೈಗೆ ಕಿತ್ತಳೆಹಣ್ಣು ಕೊಟ್ಟು "ಬೇಗ ವಾಸಿಯಾಗ್ಲಿ ತಾಯಿ" ಎಂದು ಹೋದದ್ದುಂಟು.

ಎರಡನೆಯ ಜಗಳ ಎಣ್ಣೆಗೆ. ಇಲ್ಲಿ ಎಣ್ಣೆ ಇಲ್ಲ, ಪೌಡರು. ಹರಳೆಣ್ಣೆಯಲ್ಲಿ ಬೆಳೆದ ಕೈಗೆ ಪೌಡರು ಎಂದರೆ ಗೋಡೆಗೆ ಸುಣ್ಣ ಬಳಿದಂತೆ. ಆದರೆ ಅದಕ್ಕೊಂದು ಕಾರಣವಿತ್ತು. ಎಣ್ಣೆಯಲ್ಲಿ ಕೈ ಜಾರಿಕೊಂಡು ಹೋಗುತ್ತದೆ, ಕೆಳಗಿನ ಮಾಂಸ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಹೊಸಬರ ಬೆರಳಿಗೆ ತಿಳಿಯುವುದಿಲ್ಲ. ಪೌಡರಿನಲ್ಲಿ ತಿಳಿಯುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ಹತ್ತು ದಿನ ಹಿಡಿಯಿತು.

ಕೈಯ ಪಾಠ ಐದು. ಅವಕ್ಕೆ ಸಿಸ್ಟರಮ್ಮ ಹೇಳಿದ ಫ್ರೆಂಚ್ ಹೆಸರುಗಳು ನಮ್ಮ ನಾಲಿಗೆಗೆ ಹತ್ತಲಿಲ್ಲ, ನಾವು ನಮ್ಮ ಹೆಸರು ಇಟ್ಟುಕೊಂಡೆವು. ಮೊದಲನೆಯದು ಸವರುವುದು: ಬೆರಳು ಕೂಡಿಸಿ, ಅಂಗೈ ಪೂರ್ತಿ ಊರಿ, ರೋಗಿಯ ಕೈಬೆರಳಿನ ತುದಿಯಿಂದ ಭುಜದ ಕಡೆಗೆ ಒಂದೇ ಎಳೆತ, ವಾಪಸು ಬರುವಾಗ ಕೈ ಹಗುರ. ಎರಡನೆಯದು ನಾದುವುದು: ಮಾಂಸವನ್ನು ಮೂಳೆಯಿಂದ ಮೇಲೆತ್ತಿ ಹಿಂಡಿ ಬಿಡುವುದು. ಮೂರನೆಯದು ಉಜ್ಜುವುದು, ಹೆಸರಿಗಷ್ಟೇ ಉಜ್ಜುವುದು; ಹೆಬ್ಬೆರಳ ತುದಿ ಚರ್ಮದ ಮೇಲೆ ಜಾರಕೂಡದು, ಚರ್ಮವನ್ನೂ ಜೊತೆಗೆ ಕರೆದುಕೊಂಡು ಒಳಗೆ ಸಣ್ಣ ಸುತ್ತು ಹಾಕಬೇಕು. ಆಮೇಲೆ ತಟ್ಟುವುದು: ಅಂಗೈಯ ಅಂಚಿನಿಂದ, ಮಣಿಕಟ್ಟು ಸಡಿಲ ಬಿಟ್ಟು, ಮಾಂಸವಿದ್ದಲ್ಲಿ ಮಾತ್ರ, ಮೂಳೆಯ ಮೇಲೆ ಎಂದೂ ಇಲ್ಲ. ಕೊನೆಯದು ನಡುಗಿಸುವುದು. ಬೆರಳಿನ ತುದಿಗಳನ್ನು ಮೈಮೇಲಿಟ್ಟು ತೋಳಿನಿಂದ ಸಣ್ಣ ನಡುಕ ಇಳಿಸಬೇಕು. ಇದು ಯಾರಿಗೂ ಬರಲಿಲ್ಲ, ಸಿಸ್ಟರಮ್ಮ ಗದರಿದಾಗ ಮಾತ್ರ ಎಲ್ಲರಿಗೂ ಬಂತು. ಮರಳು ತುಂಬಿದ ದಿಂಬುಗಳ ಮೇಲೆ ಕಲಿತೆವು, ಆಮೇಲೆ ಒಬ್ಬರ ತೋಳಿನ ಮೇಲೊಬ್ಬರು.

ಸವರುವ ಪಾಠವನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಅತ್ತೆಯವರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು.

"ಕೆಳಗಿಂದ ಮೇಲಕ್ಕಾ?"

"ಹೂಂ ಅತ್ತೆಮ್ಮ. ಹೃದಯದ ಕಡೆಗೆ. ರಕ್ತ ವಾಪಸ್ ಹೋಗ್ಬೇಕಂತೆ."

"ನೋವನ್ನ ಮೇಲಿಂದ ಕೆಳಕ್ಕೆ ಎಳ್ದು ಬೆರಳಿನ ತುದೀಲಿ ಆಚೆಗೆ ಒದರ್ತಾರೆ ಕಣೇ. ಇವ್ರು ಎದೆಗೇ ನೂಕ್ತಾರಾ? ಅದಕ್ಕೇ ಇವ್ರ ಆಸ್ಪತ್ರೇಲಿ ಇಷ್ಟೊಂದು ಜನ ಮಲಗಿರೋದು."

ಹಗಲೆಲ್ಲ ಕೆಳಗಿನಿಂದ ಮೇಲಕ್ಕೆ, ಸಂಜೆ ಹಲಸೂರಿನ ಕೂಸುಗಳಿಗೆ ಮೇಲಿನಿಂದ ಕೆಳಕ್ಕೆ. ನನ್ನ ಕೈಗಳಿಗೆ ತಲೆ ಕೆಟ್ಟುಹೋಗುವುದೊಂದು ಬಾಕಿ.

ಮೂರನೆಯ ವಾರ ಕುತ್ತಿಗೆ, ಹಣೆಯ ಪಾಠ. ಸಿಸ್ಟರಮ್ಮನೇ ಮೇಜಿನ ಮೇಲೆ ಅಂಗಾತ ಮಲಗಿ ನನ್ನನ್ನು ಕರೆದರು. ಉಳಿದ ಐವರು ಸುತ್ತ ನಿಂತರು. ಅಂದು ನನ್ನ ಕೈ ಚೆನ್ನಾಗಿ ಓಡಿತು. ಕುತ್ತಿಗೆಯ ಹಿಂದೆ ಸವರಿದೆ, ಭುಜದ ಮೇಲಿನ ಮಾಂಸ ನಾದಿದೆ, ತಲೆಬುರುಡೆಯ ಬುಡದಲ್ಲಿ ಹೆಬ್ಬೆರಳಿನಿಂದ ಸಣ್ಣ ಸುತ್ತು ಹಾಕಿದೆ, ಹಣೆಯ ನಡುವಿನಿಂದ ಕಿವಿಯ ಕಡೆಗೆ ಎಳೆದೆ. ಸಿಸ್ಟರಮ್ಮ ಕಣ್ಣು ಮುಚ್ಚಿ, "ಗುಡ್. ಬಹುತ್ ಗುಡ್" ಎಂದರು. ಅಲ್ಲಿಗೆ ಕೆಲಸ ಮುಗಿಯಿತು ಎಂದು ನನ್ನ ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಅದು ಸಿಸ್ಟರಮ್ಮನ ಮೂಗಿನ ಬುಡ ಹಿಡಿದು ಮೂರು ಸಲ ತುದಿಯವರೆಗೆ ತೀಡಿತು. ಕೆನ್ನೆ ಸವರಿತು. ನನ್ನ ಹಣೆಯ ಪಕ್ಕದಲ್ಲಿ ನೆಟಿಕೆ ಪಟಪಟ ಎಂದು ಮುರಿಯಿತು.

ಅಷ್ಟರ ಮೇಲೆ ನನಗೆ ಎಚ್ಚರವಾಯಿತು. ತಿದ್ದುವ ಅಗತ್ಯವೇ ಇಲ್ಲದ ಮೂಗು ಅದು. ಹಲಸೂರಿನ ಯಾವ ತಾಯಿ ಬೇಕಾದರೂ ಅಂಥ ಮೂಗಿಗೆ ಹರಕೆ ಹೊರುತ್ತಿದ್ದಳು. ಈಗ ಅದು ಕೆಂಪಗಾಗಿ, ಎರಡು ಕಡೆ ಪೌಡರಿನ ಬೆರಳಚ್ಚು ಮೂಡಿಸಿಕೊಂಡು ಮೇಜಿನಿಂದ ಎದ್ದು ಕೂತಿತು. ಐವರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇದು ಏನು? ಇದು ಯಾವ ಲೆಸನ್?" ಎಂದರು ಸಿಸ್ಟರಮ್ಮ.

"ಕೂಸುಗಳಿಗೆ ಮಾಡೋದು ಸಿಸ್ಟರಮ್ಮ. ಕೈ ಅಭ್ಯಾಸ..."

"ನಾನು ಕೂಸು ಇಲ್ಲೆ!"

ಅದು ನಿಜವಾಗಿತ್ತು. ಒಂದು ವಾರ ನನ್ನನ್ನು ಬ್ಯಾಂಡೇಜು ಸುತ್ತಲು ಕೂರಿಸಿದರು. ಮೈ ಮುಟ್ಟುವ ಹಾಗಿಲ್ಲ. ವಾರದ ಕೊನೆಗೆ ಕರೆದು ಬೆರಳು ಎತ್ತಿ ಹೇಳಿದರು: "ನಿನ್ನ ಹ್ಯಾಂಡ್ ನಲ್ಲ ಹ್ಯಾಂಡ್. ಆದ್ರೆ ಇನ್ನೊಂದು ಟೈಮ್ ನೋಸ್, ಸೀದಾ ಮನೆ." ನಾನು ಆಗಲಿ ಎಂದೆ. ಅಂದಿನಿಂದ ಕೆಲಸ ಮುಗಿದ ಕೂಡಲೇ ಎರಡೂ ಕೈಯಲ್ಲಿ ಟವೆಲು ಬಿಗಿಯಾಗಿ ಹಿಡಿದುಕೊಳ್ಳುವುದನ್ನು ಅಭ್ಯಾಸ ಮಾಡಿದೆ.

ಆ ಎಚ್ಚರಿಕೆಯ ಜೊತೆಗೇ ನನಗೆ ಟೆಲಿಫೋನಿನ ಹುಡುಗಿಯನ್ನು ಒಪ್ಪಿಸಿದರು.

ಹುಡುಗಿಯ ಮನೆ ಬ್ಲ್ಯಾಕ್‌ಪಲ್ಲಿಯಲ್ಲಿ, ಈಗ ಶಿವಾಜಿನಗರ ಎನ್ನುತ್ತಾರಲ್ಲ, ಅಲ್ಲಿ. ವಯಸ್ಸು ಇಪ್ಪತ್ತು ಇದ್ದೀತು. ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಬಳ್ಳಿಯ ತುದಿಯ ಪ್ಲಗ್ಗುಗಳನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿ, ಮಾತಾಡುವವರನ್ನು ಕೂಡಿಸುವ ಕೆಲಸ. ಜಟಕಾದಿಂದ ಇಳಿಯುವಾಗ ಕುದುರೆ ಮುಂದಕ್ಕೆ ಎಳೆದು, ಇವಳು ಬಿದ್ದು, ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತ್ತು. ಆದರೆ ಪ್ಲಾಸ್ಟರು ಬಿಚ್ಚಿದಾಗ ಬೆರಳುಗಳು ಮರದ ಸೌಟಿನ ಹಾಗೆ ಸೆಟೆದಿದ್ದವು. ಹೆಬ್ಬೆರಳು ತೋರುಬೆರಳು ಒಂದನ್ನೊಂದು ನೋಡುತ್ತಿದ್ದವೇ ಹೊರತು ಮುಟ್ಟುತ್ತಿರಲಿಲ್ಲ.

"ಈ ಎರಡು ಬೆರಳು ಸೇರ್ಲಿಲ್ಲ ಅಂದ್ರೆ ನನ್ ಸೀಟು ಹೋಯ್ತು ಅಕ್ಕಾ" ಎಂದಳು ಮೊದಲ ದಿನವೇ. "ತಿಂಗಳ ಕೊನೆಗೆ ದೊಡ್ಡ ಡಾಕ್ಟರು ನೋಡ್ತಾರಂತೆ. ಅವ್ರು ಫಿಟ್ ಅಂತ ಬರೀಬೇಕು. ಇಲ್ಲಾಂದ್ರೆ ಬೇರೆ ಹುಡ್ಗೀನ ಕೂರಿಸ್ತಾರೆ. ಮನೇಲಿ ಅಮ್ಮ, ಇಬ್ರು ತಂಗೀರು. ನಾನೊಬ್ಳೇ ಕೆಲ್ಸಕ್ಕೆ ಹೋಗೋಳು."

ಕೆಲಸ ಶುರು ಮಾಡಿದೆ. ಮೇಜಿನ ಮೇಲೆ ಮರಳಿನ ದಿಂಬು, ಅದರ ಮೇಲೆ ಅವಳ ಕೈ, ಎದುರಿಗೆ ಸ್ಟೂಲಿನ ಮೇಲೆ ನಾನು. ಬೆಳಿಗ್ಗೆ ಇಪ್ಪತ್ತು ನಿಮಿಷ, ಮಧ್ಯಾಹ್ನ ಇಪ್ಪತ್ತು ನಿಮಿಷ. ಬೆರಳಿನಿಂದ ಮೊಣಕೈವರೆಗೆ ಸವರುವುದು, ಮುಂದೋಳಿನ ಮಾಂಸ ನಾದುವುದು, ಒಂದೊಂದು ಗೆಣ್ಣಿನ ಸುತ್ತ ಹೆಬ್ಬೆರಳ ಸುತ್ತು, ಮತ್ತೆ ಸವರುವುದು. ತಟ್ಟುವ ಹಾಗಿರಲಿಲ್ಲ, ಮೂಳೆ ಹೊಸದು. ನನ್ನ ಕಡೆಯಿಂದ ಒಂದೂ ತಪ್ಪಿರಲಿಲ್ಲ. ಆದರೆ ನಾನು ಮುಟ್ಟುತ್ತಲೂ ಹುಡುಗಿ ಉಸಿರು ಬಿಗಿಹಿಡಿಯುತ್ತಿದ್ದಳು. ತೋಳು ಮೊಣಕೈಯವರೆಗೆ ಹಲಗೆಯಾಗುತ್ತಿತ್ತು. "ಸಡಿಲ ಬಿಡು ಕಣಮ್ಮಾ" ಎಂದರೆ, "ಬಿಟ್ಟಿದೀನಿ ಅಕ್ಕಾ" ಎನ್ನುತ್ತಿದ್ದಳು, ಹಲ್ಲು ಕಚ್ಚಿಕೊಂಡು. ಹತ್ತು ದಿನ ಕಳೆದರೂ ಎರಡು ಬೆರಳ ನಡುವೆ ಒಂದು ನಿಂಬೆಹಣ್ಣಿನಷ್ಟು ಜಾಗ ಹಾಗೇ ಇತ್ತು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ತಿಂಗಳ ಕೊನೆ ಹತ್ತಿರ ಬರುತ್ತಿತ್ತು, ತಾಳ್ಮೆ ಕೆಟ್ಟಿತು. ಸೆರಗಿನ ಗಂಟಿನಲ್ಲಿ ಒಂದು ಸಣ್ಣ ಸೀಸೆ ಹರಳೆಣ್ಣೆ ಕಟ್ಟಿಕೊಂಡು ಹೋದೆ. ಸಿಸ್ಟರಮ್ಮ ಆಚೆ ವಾರ್ಡಿಗೆ ಹೋದ ಹೊತ್ತು ನೋಡಿ ಅವಳ ಮಣಿಕಟ್ಟಿಗೆ ಹಚ್ಚಿ, ಅತ್ತೆಯವರ ಹಾಗೆ ಮೇಲಿನಿಂದ ಕೆಳಕ್ಕೆ, ಬಲವಾಗಿ, ನೋವನ್ನು ಬೆರಳ ತುದಿಯಿಂದ ಒದರಿ ಒದರಿ ಅರ್ಧ ಗಂಟೆ ಎಳೆದೆ. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ಮನಿದ್ದಳು, ವಾಸಿಯಾಗುತ್ತಿದೆ ಎಂದು ನಂಬಿ. ಮರುದಿನ ಬೆಳಿಗ್ಗೆ ಮಣಿಕಟ್ಟು ಊದಿ ಬನ್ನಿನ ಹಾಗಾಗಿತ್ತು.

ನಾನೇ ಹೋಗಿ ಸಿಸ್ಟರಮ್ಮನಿಗೆ ಹೇಳಿದೆ. ಅವರು ಗದರಲಿಲ್ಲ. ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಿಸಿ, ತಣ್ಣೀರು ಬಟ್ಟೆ ಹಾಕಿಸಿ, ಎರಡು ದಿನ ಮುಟ್ಟಬೇಡ ಎಂದರು. ಸೀಸೆಯನ್ನು ಕೇಳಿ ಇಸಿದುಕೊಂಡು ಬೀರುವಿನಲ್ಲಿಟ್ಟರು. "ನೀನು ಬಂದು ಹೇಳಿದೆ. ಅದು ಒಳ್ಳೇದು. ಹುಡುಗಿ ಹ್ಯಾಂಡ್ ಎರಡು ದಿನ ಲಾಸ್. ಅದು ಒಳ್ಳೇದು ಇಲ್ಲೆ" ಎಂದಷ್ಟೇ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದು ಕೆರೆಯ ಪಕ್ಕದಲ್ಲಿ ಅಳುತ್ತಾ ಮನೆಗೆ ನಡೆದೆ.

ಅತ್ತೆಯವರು ಒಂದು ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು. ಅವರಿಗೆ ಎಲ್ಲವನ್ನೂ ಹೇಳಿದೆ, ನನ್ನ ಎಳೆತದ ವಿಷಯವನ್ನೂ. ಅವರು ನನ್ನ ಪರ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಕೆಂಪಾಯಿತು.

"ಬಿಗಿ ಹಿಡ್ದಿರೋ ಕೈನ ಎಳೆದ್ಯಾ? ನಾನು ಯಾವತ್ತಾದ್ರೂ ಹಂಗೆ ಎಳೆದಿದ್ದು ನೋಡಿದ್ಯೇನೇ?"

ಅವರ ಕಾಲ ಮೇಲಿದ್ದ ಕೂಸು ಹೊಸದು, ಮೊದಲ ಸಲ ಬಂದದ್ದು. ಎರಡು ಮುಷ್ಟಿಯನ್ನೂ ಬಿಗಿಹಿಡಿದು ಕಿರುಚುತ್ತಿತ್ತು. ಅತ್ತೆಯವರು ಮುಷ್ಟಿಯನ್ನು ಮುಟ್ಟಲೇ ಇಲ್ಲ. ಕಾಲುಗಳನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತಾ, "ಯಾರಪ್ಪಾ ಇದು, ಯಾವ ಊರಿನ ಅಮಲ್ದಾರರು ಇವ್ರು, ಇಷ್ಟು ಕೋಪ ಯಾಕಪ್ಪಾ" ಎಂದು ಅರ್ಥವಿಲ್ಲದ್ದನ್ನು ಹೇಳುತ್ತಲೇ ಇದ್ದರು. ಕೂಸಿನ ಬೆನ್ನು ಅವರ ಕಾಲುಗಳ ನಡುವಿನ ತಗ್ಗಿಗೆ ಕುಸಿಯಿತು. ಸ್ವಲ್ಪ ಹೊತ್ತಿಗೆ ಮುಷ್ಟಿ ತಾನಾಗಿ ಬಿಚ್ಚಿತು. ಆಗ ಎಣ್ಣೆ ಮುಟ್ಟಿದರು.

"ಮೊದ್ಲು ಅದು ನಿನ್ ಮೈಮೇಲೆ ಭಾರ ಬಿಡ್ಬೇಕು. ಆಮೇಲೆ ನಿನ್ ಕೈ. ಮೇಲಕ್ಕಾದ್ರೂ ಎಳಿ, ಕೆಳಕ್ಕಾದ್ರೂ ಎಳಿ" ಎಂದರು. ಎಳೆಯುವ ದಿಕ್ಕಿನ ವಿಷಯದಲ್ಲಿ ಅವರು ಜೀವಮಾನದಲ್ಲಿ ಬಿಟ್ಟುಕೊಟ್ಟದ್ದು ಅದೊಂದೇ ಸಲ.

ಮೂರನೆಯ ದಿನ ಊತ ಇಳಿದಿತ್ತು. ಹುಡುಗಿ ಬಂದು ಸ್ಟೂಲಿನ ಮೇಲೆ ಕೂತು, ಬಲಿ ಕೊಡುವವಳ ಹಾಗೆ ಕೈಯನ್ನು ದಿಂಬಿನ ಮೇಲಿಟ್ಟಳು. ನಾನು ಬಾಗಿಲ ಕಡೆ ನೋಡಿದೆ. ಸಿಸ್ಟರಮ್ಮ ಇರಲಿಲ್ಲ. ಮೂಲೆಯಲ್ಲಿದ್ದ ಮರದ ಹಲಗೆಯೊಂದನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತು ಎರಡೂ ಕಾಲು ಚಾಚಿದೆ.

"ಬಾ, ಪಕ್ಕದಲ್ಲಿ ಕೂತ್ಕೋ. ಕೈ ಇಲ್ಲಿಡು."

"ಕಾಲ್ ಮೇಲಾ ಅಕ್ಕಾ?"

"ನನ್ ಕಾಲ್ ಮೇಲೆ ಮಲಗಿರೋರಲ್ಲಿ ನೀನೇ ದೊಡ್ಡೋಳು. ಇಡು."

ಅವಳು ಕೂತು, ತೋಳನ್ನು ನನ್ನ ಮೊಣಕಾಲಿನಿಂದ ಆಚೆ, ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಇಟ್ಟಳು. ನಾನು ಮುಟ್ಟಲಿಲ್ಲ. ಕಾಲು ಅತ್ತಿತ್ತ ಆಡಿಸುತ್ತಾ ತೋಳನ್ನೇ ಮಾತಾಡಿಸಿದೆ. "ಯಾರಪ್ಪಾ ಇವ್ರು? ಟೆಲಿಫೋನ್ ಕಚೇರಿ ದೊರೆಗಳು. ಇವ್ರು ಬೆರಳು ಎತ್ತಲಿಲ್ಲ ಅಂದ್ರೆ ದಂಡಲ್ಲಿ ಯಾರೂ ಮಾತಾಡೋ ಹಂಗಿಲ್ಲ." ಹುಡುಗಿ ಮೊದಲು ನನಗೆ ಬುದ್ಧಿ ಕೆಟ್ಟಿದೆಯೇ ಎಂದು ನೋಡಿದಳು. ಆಮೇಲೆ ಕಿಸಕ್ಕನೆ ನಕ್ಕಳು. ನಕ್ಕವಳು ಉಸಿರು ಬಿಡಲೇಬೇಕಲ್ಲ. ಉಸಿರು ಬಿಟ್ಟೊಡನೆ ತೋಳು ಭಾರವಾಗಿ ನನ್ನ ಕಾಲ ಮೇಲೆ ಕುಸಿಯಿತು. ಎರಡು ವಾರದಲ್ಲಿ ಮೊದಲ ಸಲ ನನಗೆ ಅವಳ ತೋಳಿನ ನಿಜವಾದ ಭಾರ ಸಿಕ್ಕಿತು. ಎಷ್ಟು ಸಂತೋಷವಾಯಿತೆಂದರೆ ನಾನೂ ನಕ್ಕುಬಿಟ್ಟೆ.

ಆಗ ಪೌಡರು ಮುಟ್ಟಿದೆ. ಕೆಳಗಿನಿಂದ ಮೇಲಕ್ಕೆ ಸವರಿದೆ. ನಾದುವಾಗ ಮಾಂಸ ಕೈಗೆ ಬಂತು. ಹೆಬ್ಬೆರಳಿನ ಬುಡದ ದಿಂಡಿನಲ್ಲಿ ಒಂದು ಗಟ್ಟಿ ಗಂಟು ಸಿಕ್ಕಿತು. ಅಷ್ಟು ದಿನ ಬಿಗಿತದ ಒಳಗೆ ಅಡಗಿ ಕೂತಿದ್ದ ಗಂಟು. ಅದರ ಮೇಲೆ ಸಣ್ಣ ಸುತ್ತು ಹಾಕುತ್ತಿದ್ದಾಗ ನೆಲದ ಮೇಲೆ ಎರಡು ಬಿಳಿ ಬೂಟು ಕಂಡವು.

ಸಿಸ್ಟರಮ್ಮ ಬಗ್ಗಿ ಹುಡುಗಿಯ ಮುಂದೋಳನ್ನು ಎರಡು ಬೆರಳಿನಿಂದ ಒತ್ತಿದರು. ಇನ್ನೊಮ್ಮೆ ಒತ್ತಿದರು. ತಲೆಯೆತ್ತಿ ಹೊಸ ಸಾಮಾನು ನೋಡುವಂತೆ ನನ್ನ ಕಾಲುಗಳನ್ನು ನೋಡಿದರು. ಜೇಬಿನಿಂದ ವಾಚು ತೆಗೆದು, "ಟ್ವೆಂಟಿ ಮಿನಿಟ್. ನೋಸ್ ವೇಂಡಾ" ಎಂದು ಹೊರಟುಹೋದರು.

ಅಲ್ಲಿಂದ ಮುಂದೆ ದಿನಕ್ಕಿಷ್ಟು ಎಂದು ಕೈ ಬಿಚ್ಚಿಕೊಂಡಿತು. ಬಿಸಿನೀರಿನಲ್ಲಿ ಒದ್ದೆ ಬಟ್ಟೆ ಹಿಂಡಿಸಿದೆ. ತಟ್ಟೆಯಲ್ಲಿ ಹುಣಸೆಬೀಜ ಹಾಕಿ ಅವಳ ಕೈಯಿಂದ ಒಂದೊಂದಾಗಿ ಹೆಕ್ಕಿಸಿದೆ, ಆಮೇಲೆ ಹುರುಳಿಕಾಳು. ಬೆರಳುಗಳ ನಡುವಿನ ನಿಂಬೆಹಣ್ಣು ಅಡಿಕೆಯಾಯಿತು, ಅಡಿಕೆ ಕಡಲೆಯಾಯಿತು, ಒಂದು ಶನಿವಾರ ಎರಡು ತುದಿಗಳೂ ಮುಟ್ಟಿಕೊಂಡವು. ಮುಟ್ಟಿದ್ದು ಸರಿ, ಹಿಡಿತ ಇನ್ನೂ ಇರಲಿಲ್ಲ. ಹುಡುಗಿಗೆ ಸಿಸ್ಟರಮ್ಮನ ಮೂಗಿನ ಕಥೆಯನ್ನು ಯಾರೋ ಹೇಳಿದ್ದರು. ಇಪ್ಪತ್ತು ನಿಮಿಷ ಮುಗಿದು ನಾನು ಟವೆಲು ಹಿಡಿದುಕೊಂಡಾಗಲೆಲ್ಲ, "ಅಕ್ಕಾ, ಮೂಗು ಬಾಕಿ ಇದೆ" ಎನ್ನುತ್ತಿದ್ದಳು. "ನಂಗೆ ಕೆಲ್ಸ ಬೇಕು ಕಣಮ್ಮಾ, ನೀನು ಸುಮ್ನಿರು" ಎನ್ನುತ್ತಿದ್ದೆ.

ಡಾಕ್ಟರು ನೋಡುವ ದಿನ ಬಂತು. ಅವರು ಸೈನ್ಯದ ದೊಡ್ಡ ಡಾಕ್ಟರು. ದಪ್ಪ ಮೀಸೆ, ಕಡಿಮೆ ಮಾತು. ಮೇಜಿನ ಹಿಂದೆ ಅವರು, ಪಕ್ಕದಲ್ಲಿ ಸಿಸ್ಟರಮ್ಮ, ಎದುರಿಗೆ ಹುಡುಗಿ, ಗೋಡೆಗೆ ಒತ್ತಿಕೊಂಡು ನಾನು. ಕೇಳದೆ ಮಾತಾಡಕೂಡದು ಎಂದು ಮೊದಲೇ ಆಜ್ಞೆಯಾಗಿತ್ತು. ಮಿಷನ್ ಸ್ಕೂಲಿನಲ್ಲಿ ಆರು ಕ್ಲಾಸು ಓದಿದ್ದರಿಂದ ಅವರ ಇಂಗ್ಲಿಷು ನನಗೆ ತಿಳಿಯುತ್ತಿತ್ತು. ತಿಳಿಯದಿದ್ದರೆ ಚೆನ್ನಾಗಿತ್ತು, ಎದೆ ಅಷ್ಟು ಹೊಡೆದುಕೊಳ್ಳುತ್ತಿರಲಿಲ್ಲ.

ಮಣಿಕಟ್ಟು ಬಗ್ಗಿಸು ಎಂದರು. ಬಗ್ಗಿಸಿದಳು. ಮುಷ್ಟಿ ಮಾಡು ಎಂದರು. ಮಾಡಿದಳು. ಆಮೇಲೆ ಪೆನ್ಸಿಲು ಕೊಟ್ಟು, ಹೆಬ್ಬೆರಳು ತೋರುಬೆರಳಲ್ಲಿ ಹಿಡಿ ಎಂದರು. ಹಿಡಿದಳು. ಅವರು ಇನ್ನೊಂದು ತುದಿ ಹಿಡಿದು ಎಳೆದರು. ಪೆನ್ಸಿಲು ಸುಲಭವಾಗಿ ಬಂದುಬಿಟ್ಟಿತು. ಮತ್ತೆ ಕೊಟ್ಟರು, ಮತ್ತೆ ಬಂತು. ಮೂರನೆಯ ಸಲ ಅವರು ಎಳೆಯುವ ಮೊದಲೇ ಕೆಳಗೆ ಬಿತ್ತು. ನಾನು ಗೋಡೆಯ ಹತ್ತಿರದಿಂದಲೇ ನೋಡಿದೆ. ಉಸಿರು ಬಿಗಿಹಿಡಿದಿದ್ದಳು. ತೋಳು ಮತ್ತೆ ಹಲಗೆಯಾಗಿತ್ತು. ತಂಗಿಯರಿಬ್ಬರೂ ಆ ಪೆನ್ಸಿಲಿಗೇ ಜೋತುಬಿದ್ದಂತೆ ಅವಳ ಮುಖವಿತ್ತು.

ಡಾಕ್ಟರು ಪೆನ್ನು ತೆರೆದು ಕಾಗದ ಎಳೆದುಕೊಂಡರು.

ಮಾತಾಡಕೂಡದು ಎಂದಿದ್ದರು, ಕೂರಕೂಡದು ಎಂದಿರಲಿಲ್ಲ. ಕೆಲಸ ಹೋದರೆ ಹೋಗಲಿ ಎಂದುಕೊಂಡು, ಇದ್ದಲ್ಲೇ ನೆಲಕ್ಕೆ ಕೂತು ಎರಡೂ ಕಾಲು ಚಾಚಿಬಿಟ್ಟೆ.

ಡಾಕ್ಟರ ಪೆನ್ನು ನಿಂತಿತು. ಅವರು ಮೇಜಿನ ಮೇಲಿಂದ ಬಗ್ಗಿ ನೋಡಿದರು. ಬ್ಯಾಂಡೇಜು ಸುತ್ತಿದ ನನ್ನ ಎರಡು ಕೈಗಳನ್ನು ನೋಡಿದರು, ಚಾಚಿದ ಕಾಲುಗಳನ್ನು ನೋಡಿದರು. "ಸಿಸ್ಟರ್, ಈ ರೋಗಿಗೆ ಏನಾಗಿದೆ? ಎರಡೂ ಕೈ ಮುರಿದಿದೆಯೇ? ಈಗ ಕಾಲೂ ಹೋಯಿತೇ?" ಎಂದು ನಿಜವಾದ ಕನಿಕರದಿಂದ ಕೇಳಿದರು.

ಹುಡುಗಿಗೆ ನಗು ತಡೆಯಲಾಗಲಿಲ್ಲ. ನಕ್ಕಳು, ಉಸಿರು ಬಿಟ್ಟಳು, ಬಂದು ನನ್ನ ಪಕ್ಕ ಕೂತು ತೋಳನ್ನು ನನ್ನ ಕಾಲ ಮೇಲೆ ಹಾಕಿದಳು. ನಾನು ಕಾಲು ಆಡಿಸಿದೆ. ತೋಳು ಭಾರ ಬಿಟ್ಟಿತು. ಬೆರಳಿನಿಂದ ಭುಜದ ಕಡೆಗೆ ಮೂರು ಸಲ ಸವರಿದೆ, ಹೆಬ್ಬೆರಳ ಬುಡವನ್ನು ಮೆಲ್ಲಗೆ ನಾದಿದೆ. ಟವೆಲು ಇರಲಿಲ್ಲವಾದ್ದರಿಂದ ನನ್ನ ಎರಡೂ ಕೈಗಳನ್ನು ನನ್ನ ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತೆ. ಸಿಸ್ಟರಮ್ಮ ನನ್ನ ಕೈಗಳನ್ನೇ ನೋಡುತ್ತಿದ್ದರು. ಕೈಗಳು ಅಲುಗಲಿಲ್ಲ.

ಅಲುಗಿದ್ದು ಹುಡುಗಿಯ ಕೈ. "ಮೂಗು ಬಾಕಿ ಅಕ್ಕಾ" ಎಂದು ಪಿಸುಗುಟ್ಟಿ, ಮುರಿದ ಬಲಗೈ ಎತ್ತಿ, ಹೆಬ್ಬೆರಳು ತೋರುಬೆರಳಿನಲ್ಲಿ ನನ್ನ ಮೂಗು ಹಿಡಿದಳು. ಹಿಡಿಯಲು ಸುಲಭಕ್ಕೆ ಸಿಗದ ಮೂಗು ಅದು. ಸಿಕ್ಕಿತು. ಬುಡದಿಂದ ತುದಿಯವರೆಗೆ ಒಂದು ಸಲ ತೀಡಿದಳು. ಎರಡನೆಯ ಸಲ ತೀಡುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. ಮೂರನೆಯ ಸಲಕ್ಕೆ ಮೊದಲು ಡಾಕ್ಟರು, "ಅಲ್ಲೇ ಇರಿ!" ಎಂದು ಕೂಗಿ ಮೇಜು ಸುತ್ತಿ ಬಂದರು.

ನನಗೆ ಹಿಂದಕ್ಕೆ ಎಳೆದುಕೊಳ್ಳಲು ಹೇಳಿದರು. ಎಳೆದುಕೊಂಡೆ. ಮೂಗು ಬರಲಿಲ್ಲ. ಇನ್ನೂ ಜೋರಾಗಿ ಎಂದರು. ಜೋರಾಗಿ ಎಳೆದೆ, ತಲೆ ಗೋಡೆಗೆ ಬಡಿಯಿತು, ಹುಡುಗಿಯ ತೋಳು ನೆಟ್ಟಗಾಯಿತು, ಮೂಗು ಅವಳ ಬೆರಳಲ್ಲೇ ಉಳಿಯಿತು. ಡಾಕ್ಟರು ಬಗ್ಗಿ ಆ ಎರಡು ಬೆರಳುಗಳನ್ನೂ ನಡುವೆ ಸಿಕ್ಕಿದ ನನ್ನ ಮೂಗನ್ನೂ ಪಕ್ಕದಿಂದ, ಮೇಲಿಂದ ಪರೀಕ್ಷೆ ಮಾಡಿದರು. ಸಾಕು ಬಿಡು ಎಂದಮೇಲೆಯೂ ಅವಳು ಮೂರನೆಯ ಸಲ ಪೂರ್ತಿ ತೀಡಿಯೇ ಬಿಟ್ಟಳು.

ಡಾಕ್ಟರು ಕೂತು "ಫಿಟ್" ಎಂದು ಬರೆದರು. ಟೆಲಿಫೋನ್ ಪ್ಲಗ್ಗು ಇಷ್ಟು ಜಗ್ಗುವುದಿಲ್ಲವಲ್ಲ ಎಂದು ಒಮ್ಮೆ ಕೇಳಿ ಖಚಿತ ಮಾಡಿಕೊಂಡರು. ಹುಡುಗಿ ನನ್ನನ್ನು ತಬ್ಬಿಕೊಂಡು ಅತ್ತಳು, ನಾನು ಅತ್ತದ್ದು ಮೂಗಿನ ನೋವಿಗೋ ಬೇರೆಯದಕ್ಕೋ ಯಾರಿಗೂ ತಿಳಿಯಲಿಲ್ಲ. ಸಿಸ್ಟರಮ್ಮ ಬೀರು ತೆಗೆದು ನನ್ನ ಹರಳೆಣ್ಣೆ ಸೀಸೆ ತಂದು ಕೈಗಿಟ್ಟರು. "ನಿನ್ನ ಮೂಗಿಗೆ ಹಾಕು" ಎಂದರು. ಮುಖ ಗಂಟಿಕ್ಕಿಕೊಂಡೇ ಇತ್ತು, ಭುಜಗಳು ಮಾತ್ರ ಕುಲುಕುತ್ತಿದ್ದವು. "ನಾಳೆ ಎಂಟು ಗಂಟೆ. ಲೇಟ್ ವೇಂಡಾ."

ಸಂಜೆ ಮನೆಗೆ ಬಂದಾಗ ಅತ್ತೆಯವರು ಜಗುಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡವರೇ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಮೂಗು ಟೊಮೇಟೊ ಬಣ್ಣಕ್ಕೆ ಬಂದಿತ್ತು.

"ಯಾರೇ ತೀಡಿದ್ದು?"

"ಕೈ ಮುರಿದಿತ್ತಲ್ಲ ಅತ್ತೆಮ್ಮ, ಟೆಲಿಫೋನಿನ ಹುಡುಗಿ. ಅವಳು."

ಅತ್ತೆಯವರು ಬೆರಳ ತುದಿಯಿಂದ ಮೂಗಿನ ಬುಡವನ್ನೂ ಎರಡು ಪಕ್ಕಗಳನ್ನೂ ಮುಟ್ಟಿ ಮುಟ್ಟಿ ನೋಡಿದರು. ಬಹಳ ಹೊತ್ತು ನೋಡಿದರು.

"ಸುಳ್ಳು ಹೇಳ್ಬೇಡ" ಎಂದರು. "ಇದು ಮುರಿದ ಕೈ ಕೆಲ್ಸ ಅಲ್ಲ."